ಬಿಗಿಯ ಹದ

ಲೋಕದಲ್ಲಿ ಮನುಷ್ಯನಿಗೆ ಬರತಕ್ಕ ಕಷ್ಟಗಳೊಳಗೆ ಕೆಲವು ಮುನ್ಸೂಚನೆಯನ್ನು ಕೊಟ್ಟು ಬರುತ್ತವೆ. ಕೆಲವು ಹೇಳದೆ ಕೇಳದೆ ಬರುತ್ತವೆ. ಕಾರಿನ ಚಕ್ರದ ಗಾಳಿ ಇಳಿಯುವುದು ಎರಡನೆಯ ಪಂಗಡಕ್ಕೆ ಸೇರಿದ್ದು. ಅದಕ್ಕೆ ರಾಹುಕಾಲವೂ ಇಲ್ಲ, ಗುಳಿಕಕಾಲವೂ ಇಲ್ಲ. ಆದರೂ ಮುಹೂರ್ತಕ್ಕೆ ಹೊರಟವನನ್ನೂ, ರೈಲಿಗೆ ಹೊತ್ತಾದವನನ್ನೂ, ಮಳೆಯಲ್ಲಿ ಘಟ್ಟ ಇಳಿಯುವವನನ್ನೂ ಅದು ಹುಡುಕಿಕೊಂಡು ಬರುತ್ತದೆಯೆಂದು ಕಾರುಳ್ಳವರೆಲ್ಲರ ನಂಬಿಕೆ. ಬಿಡುವಿದ್ದ ದಿನ ಮನೆಯ ಅಂಗಳದಲ್ಲಿ ಇಳಿದ ಗಾಳಿಯನ್ನು ಯಾರೂ ನೆನಪಿನಲ್ಲಿಟ್ಟುಕೊಳ್ಳದೆ ಇರುವುದರಿಂದ ಈ ನಂಬಿಕೆ ಇಷ್ಟು ಬಲವಾಗಿ ಬೇರೂರಿರಬೇಕು.

ಈ ಕಷ್ಟದ ಪರಿಹಾರಕ್ಕಾಗಿ ಕಾರಿನ ಹಿಂಗಡೆಯಲ್ಲಿ ಒಂದು ಚಕ್ರ ಮಲಗಿರುತ್ತದೆ. ಅದಕ್ಕೆ ಕನ್ನಡ ನಾಡಿನ ಹಳ್ಳಿಹಳ್ಳಿಯಲ್ಲಿಯೂ ಸ್ಟೆಪ್ನಿಯೆಂದೇ ಹೆಸರು. ಈ ಹೆಸರು ಬಂದ ದಾರಿ ವಿನೋದವಾಗಿದೆ. ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನಲ್ಲಿ ಸ್ಟೆಪ್ನಿ ಬೀದಿಯೆಂದು ಒಂದು ಬೀದಿ. 1904ರಲ್ಲಿ ಡೇವೀಸ್ ಮನೆತನದ ಸೋದರರು ಅಲ್ಲಿ ಒಂದು ಹೊಸ ಸಾಧನವನ್ನು ಮಾಡಿ ಮಾರತೊಡಗಿದರು. ಆಗಿನ ಕಾರುಗಳೊಡನೆ ಹೆಚ್ಚಿನ ಚಕ್ರವೊಂದನ್ನು ಕೊಡುವ ರೂಢಿಯೇ ಇರಲಿಲ್ಲ. ಅವರು ಮಾಡಿದ್ದು ಅರಗಳಿಲ್ಲದ ಒಂದು ಬಳೆ. ಅದರ ಮೇಲೆ ಗಾಳಿ ತುಂಬಿದ ಟಯರು. ಗಾಳಿ ಹೋದ ಚಕ್ರವನ್ನು ಬಿಚ್ಚದೆಯೇ ಅದರ ಮಗ್ಗುಲಿಗೆ ಈ ಬಳೆಯನ್ನು ಕೊಂಡಿ ಹಾಕಿ ಬಿಗಿದರೆ ಹೇಗೋ ಊರು ಸೇರಬಹುದಾಗಿತ್ತು. ಎಂದರೆ, ಮೂಲದ ಸ್ಟೆಪ್ನಿಗೆ ಚಕ್ರವನ್ನು ಕಳಚುವ ಗೊಡವೆಯೇ ಇರಲಿಲ್ಲ. ಕಾಲಾಂತರದಲ್ಲಿ ಆ ಸಾಧನ ಮಾಯವಾಯಿತು. ಹೆಸರು ಮಾತ್ರ ಸಮುದ್ರವನ್ನು ದಾಟಿ ಬಂದು ಈ ದೇಶದಲ್ಲಿ ನೆಲೆಯೂರಿತು. ಹೆಸರನ್ನು ಪಡೆದವರಿಗೆ ಸೌಕರ್ಯವು ಲಭಿಸಲಿಲ್ಲ.

ಎತ್ತಿನ ಬಂಡಿಯ ಕಾಲದಲ್ಲಿಯೂ ಈ ಪ್ರಶ್ನೆ ಇಷ್ಟು ಕಠಿನವಾಗಿರಲಿಲ್ಲ. ಅಚ್ಚಿನ ತುದಿಯಲ್ಲಿ ಒಂದು ಕಡಾಣಿ. ಅದನ್ನು ಕಿತ್ತರೆ ಗಾಲಿ ಹೊರಕ್ಕೆ, ಜಡಿದರೆ ಗಾಲಿ ಭದ್ರ. ಅಷ್ಟು ಸಣ್ಣ ವಸ್ತುವಿನ ಮೇಲೆ ಎಷ್ಟು ದೊಡ್ಡ ಭಾರ ನಿಂತಿದೆಯೆಂಬುದನ್ನು ಹಿರಿಯರು ಚೆನ್ನಾಗಿ ಅರಿತಿದ್ದರು. ಯುದ್ಧರಂಗದಲ್ಲಿ ದಶರಥನ ರಥದ ಕೀಲು ಕಳಚಿದಾಗ ಕೈಕೆಯಿಯು ತನ್ನ ಬೆರಳನ್ನೇ ಕೀಲಾಗಿಟ್ಟು ರಾಜನನ್ನು ಉಳಿಸಿದಳೆಂದು ಜನರು ಹೇಳಿಕೊಂಡು ಬಂದ ಕಥೆಯುಂಟು. ಆ ಬೆರಳಿಗೆ ಸಂದ ವರಗಳಿಂದಲೇ ರಾಮನು ಕಾಡಿಗೆ ಹೋಗಬೇಕಾಯಿತು. ಇಂದಿನ ಕಾರಿನಲ್ಲಿ ಆ ಬೆರಳಿನ ಕೆಲಸವನ್ನು ಚಕ್ರವೊಂದಕ್ಕೆ ನಾಲ್ಕೋ ಐದೋ ನಟ್ಟುಗಳು ಮಾಡುತ್ತವೆ. ಓಡುವಾಗ ಅವು ಸಡಿಲಬಾರದು. ನಿಂತಾಗ, ಬೇಕೆಂದ ಮನುಷ್ಯನಿಗೆ ಅವು ಬಿಡಬೇಕು. ಈ ಎರಡು ಧರ್ಮಗಳನ್ನು ಒಂದೇ ನಟ್ಟಿನಿಂದ ಅಪೇಕ್ಷಿಸುವುದರಲ್ಲಿಯೇ ತೊಡಕೆಲ್ಲ ಅಡಗಿದೆ.

ನಟ್ಟಿನ ದರ್ಶನಕ್ಕೆ ಮುಂಚೆ ದ್ವಾರಪಾಲಕನನ್ನು ಒಲಿಸಿಕೊಳ್ಳಬೇಕು. ಈ ದ್ವಾರಪಾಲಕನೇ ವೀಲ್ ಕ್ಯಾಪು. ಪ್ಲಾಸ್ಟಿಕಿನಿಂದ ಮಾಡಿದ ಈ ಮುಚ್ಚಳವು ಬೆಳ್ಳಿಯ ಬಣ್ಣವನ್ನು ಬಳಿದುಕೊಂಡು ಬೆಳ್ಳಿಯ ಬಿಗುಮಾನವನ್ನೇ ತೋರಿಸುತ್ತದೆ. ಬಹುಪಾಲು ಮುಚ್ಚಳಗಳು ಅಂಚಿನ ಕೊಂಡಿಗಳಿಂದ ರಿಮ್ಮನ್ನು ಕಚ್ಚಿಕೊಂಡಿರುತ್ತವೆ. ಪಾನಾದ ಚಪ್ಪಟೆ ತುದಿಗೆ ಬಟ್ಟೆಯ ಚೂರನ್ನು ಸುತ್ತಿ, ಅಂಚಿನ ಸಂದಿನಲ್ಲಿ ತೂರಿಸಿ, ಒಂದೇ ಕಡೆ ಕೀಳದೆ ಸುತ್ತಲೂ ಸ್ವಲ್ಪಸ್ವಲ್ಪವಾಗಿ ಮೀಟುತ್ತ ಬಂದರೆ ಅವು ಮುರಿಯದೆ ಬಿಡುತ್ತವೆ. ಹಳ್ಳಕೊಳ್ಳದ ರಸ್ತೆಯಲ್ಲಿ ಮುಚ್ಚಳ ಹಾರಿಹೋದೀತೆಂದೋ, ಕಳ್ಳರು ಕದ್ದಾರೆಂದೋ ಅದನ್ನು ಪ್ಲಾಸ್ಟಿಕ್ ಪಟ್ಟಿಗಳಿಂದ ರಿಮ್ಮಿಗೆ ಕಟ್ಟಿಸುವವರು ಅನೇಕರಿದ್ದಾರೆ. ಆ ಪಟ್ಟಿಯನ್ನು ಕತ್ತರಿಸಲು ಚಾಕು ಬೇಕೆಂಬುದು ಕಟ್ಟಿಸುವ ದಿನ ಹೊಳೆಯುವುದಿಲ್ಲ. ಇನ್ನು ಕೆಲವು ಕಾರುಗಳಲ್ಲಿ ಮುಚ್ಚಳವನ್ನು ಹಿಡಿದಿರುವುದು ಕೊಂಡಿಯಲ್ಲ, ಚಕ್ರದ ನಟ್ಟುಗಳೇ. ಅಲ್ಲಿ ಮೀಟಿದಷ್ಟೂ ಮುಚ್ಚಳ ಸೀಳುವುದೇ ಹೊರತು ಕಳಚುವುದಿಲ್ಲ. ನಟ್ಟೊಂದೊಂದಕ್ಕೂ ಬೇರೆಬೇರೆ ಟೊಪ್ಪಿಗೆಯಿರುವ ಕಾರುಗಳುಂಟು. ಅವನ್ನು ಎಳೆಯಲು ಸಣ್ಣದೊಂದು ಪ್ಲಾಸ್ಟಿಕ್ ಚಿಮಟವನ್ನು ಉಪಕರಣದ ಚೀಲದಲ್ಲಿ ಇಟ್ಟಿರುತ್ತಾರೆ. ಅದೇನೆಂದು ತಿಳಿಯದೆ ಮಕ್ಕಳಿಗೆ ಆಟಕ್ಕೆ ಕೊಟ್ಟ ಗೃಹಸ್ಥರೂ ಇಲ್ಲದಿಲ್ಲ.

ಮುಚ್ಚಳ ಹೋದ ಮೇಲೆ ನಟ್ಟು. ಅದು ಹಟ ಹಿಡಿಯುವುದಕ್ಕೆ ಕಾರಣಗಳು ಮುಖ್ಯವಾಗಿ ಮೂರು. ರೋಗವನ್ನರಿಯದೆ ಮದ್ದು ಕೊಡಬಾರದೆಂಬ ನ್ಯಾಯವು ಇಲ್ಲಿಯೂ ಸಲ್ಲುತ್ತದೆ.

ಮೊದಲನೆಯದು ಅತಿಯಾದ ಬಿಗಿ. ಬಿಗಿಗೆ ಒಂದು ಲೆಕ್ಕವಿದೆ; ಅದನ್ನು ನ್ಯೂಟನ್-ಮೀಟರ್ ಎಂಬ ಮಾನದಿಂದ ಅಳೆಯುತ್ತಾರೆ. ಸಣ್ಣ ಕಾರುಗಳ ನಟ್ಟಿಗೆ ಸಾಮಾನ್ಯವಾಗಿ 80ರಿಂದ 120ರವರೆಗೆ ಸಾಕು. ಖಚಿತವಾದ ಅಂಕಿ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಕಾಲು ಮೀಟರಿನ ಪಾನಾದ ತುದಿಯಲ್ಲಿ ಸುಮಾರು 40 ಕಿಲೋ ಭಾರದಷ್ಟು ಒತ್ತಿದರೆ 100 ನ್ಯೂಟನ್-ಮೀಟರ್ ಆಗುತ್ತದೆ. 60 ಕಿಲೋ ತೂಕದ ಮನುಷ್ಯ ಅದೇ ಪಾನಾದ ಮೇಲೆ ಹತ್ತಿ ನಿಂತರೆ ಸುಮಾರು 147 ಆಗುತ್ತದೆ. ಟಯರಿನ ಅಂಗಡಿಯ ಏರ್ ಗನ್ನಿಗಾದರೋ ಹಲವು ನೂರು ನ್ಯೂಟನ್-ಮೀಟರಿನ ಬಲವಿರುತ್ತದೆ. ಕ್ಷಣಮಾತ್ರದಲ್ಲಿ ಅದು ಬಿಗಿದದ್ದನ್ನು ಕಾರಿನೊಡನೆ ಕೊಟ್ಟ ಗೇಣುದ್ದದ ಪಾನಾದಿಂದ ಬಿಚ್ಚಲು ಹೊರಟವನು ಹೆಬ್ಬಂಡೆಗೆ ಹೆಗಲು ಕೊಟ್ಟಂತೆಯೇ ಸರಿ.

ಎರಡನೆಯದು ತುಕ್ಕು. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ತಿರುಪಿನ ಸುತ್ತುಗಳ ನಡುವೆ ಹಾಗೆ ಉಬ್ಬಿಕೊಂಡು ನಟ್ಟನ್ನು ಹಿಡಿದಿಡುತ್ತದೆ. ಕಾರವಾರದಿಂದ ಉಳ್ಳಾಲದವರೆಗೆ ಕಡಲ ಮಗ್ಗುಲಲ್ಲಿಯೇ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಳಿಯೇ ಉಪ್ಪು. ಮೀನಿನ ಲಾರಿಗಳಿಂದ ಸೋರುವ ನೀರು ಅದಕ್ಕೆ ಸಾಲದ್ದನ್ನು ಸೇರಿಸುತ್ತದೆ. ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ಆಗುಂಬೆಯ ಮಳೆಯಿದೆ. ಅಲ್ಯೂಮಿನಿಯಮ್ ಮಿಶ್ರಲೋಹದ ಚೆಲುವಾದ ಚಕ್ರಗಳು ಉಕ್ಕಿನ ಗುಂಬಕ್ಕೆ ತಾಗಿ ಕುಳಿತು, ನಡುವೆ ಉಪ್ಪುನೀರು ಸೇರಿದರೆ, ಎರಡು ಲೋಹಗಳಿಗೂ ಬೆಸುಗೆ ಹಾಕಿದಂತೆಯೇ ಆಗುವುದುಂಟು. ನಟ್ಟುಗಳೆಲ್ಲ ಬಿಟ್ಟರೂ ಚಕ್ರ ಮಾತ್ರ ಕದಲುವುದಿಲ್ಲ.

ಮೂರನೆಯದು ಕೆಟ್ಟುಹೋದ ಮೂಲೆ. ನಟ್ಟಿಗಿರುವುದು ಆರು ಮೂಲೆ. ಸಡಿಲವಾದ ಪಾನಾವನ್ನು ಅರ್ಧ ಮಾತ್ರ ತೊಡಿಸಿ ಜಗ್ಗಿದರೆ ಮೂಲೆಗಳು ಸವೆದು ನಟ್ಟು ಗುಂಡಾಗುತ್ತದೆ. ಹೊಳಪಿಗಾಗಿ ಉಕ್ಕಿನ ನಟ್ಟಿನ ಮೇಲೆ ತೆಳುತಗಡಿನ ಅಂಗಿ ತೊಡಿಸಿರುವ ಜಾತಿಯೊಂದುಂಟು; ಒಳಗೆ ನೀರು ಸೇರಿ ತುಕ್ಕು ಉಬ್ಬಿದಾಗ ನಿನ್ನೆಯವರೆಗೆ ಹಿಡಿಯುತ್ತಿದ್ದ ಪಾನಾ ಇಂದು ಅದರ ಮೇಲೆ ಕೂರುವುದೇ ಇಲ್ಲ. ಕಳವು ತಪ್ಪಿಸಲು ಹಾಕಿಸಿದ ಬೀಗದ ನಟ್ಟು ಮತ್ತೊಂದು ಬಗೆ. ಅದರ ಕೀಲಿ ಮನೆಯ ಕಪಾಟಿನಲ್ಲಿ ಸುರಕ್ಷಿತವಾಗಿರುತ್ತದೆ. ಕಾರು ಮಾತ್ರ ಕಾಡಿನಲ್ಲಿರುತ್ತದೆ.

ಇವುಗಳ ಜೊತೆಗೆ ದಿಕ್ಕಿನ ಭ್ರಾಂತಿಯೂ ಒಂದು. ಈಗಿನ ಕಾರುಗಳಲ್ಲಿ ಎದುರಿಗೆ ನಿಂತವನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ನಟ್ಟು ಬಿಚ್ಚುತ್ತದೆ. ಅಮೆರಿಕದ ಕ್ರೈಸ್ಲರ್ ಸಂಸ್ಥೆಯವರು ತಮ್ಮ ಕಾರುಗಳ ಎಡಮಗ್ಗುಲಿನ ಚಕ್ರಗಳಿಗೆ ಬಹು ಕಾಲ ತಿರುವುಮುರುವಾದ ತಿರುಪನ್ನು ಇಡುತ್ತಿದ್ದರು. 1970ರ ದಶಕದ ಆರಂಭದಲ್ಲಿ ಆ ಪದ್ಧತಿ ನಿಂತಿತು. ಅಂಥ ಹಳೆಯ ಕಾರಿನ ಮುಂದೆ ಕುಳಿತು, ಬಿಚ್ಚುತ್ತಿದ್ದೇನೆಂಬ ಭ್ರಮೆಯಿಂದ ಬಿಗಿಯುತ್ತಲೇ ಹೋದ ಬಲಶಾಲಿಗಳೆಷ್ಟು ಮಂದಿಯೋ!

ತೀರ್ಥಹಳ್ಳಿಯ ಕಡೆಯ ಒಬ್ಬ ನಿವೃತ್ತ ಉಪಾಧ್ಯಾಯರಿಗೆ ಈ ವಿಷಯಗಳೊಂದೂ ತಿಳಿದಿರಲಿಲ್ಲ. ಕಾಳಿದಾಸನೂ ಲಕ್ಷ್ಮೀಶನೂ ಅವರಿಗೆ ಕರತಲಾಮಲಕ. ಕಾರಿನ ವಿಷಯದಲ್ಲಿ ಮಾತ್ರ ಕೀಲಿ ತಿರುಗಿಸಿದರೆ ಹೊರಡುತ್ತದೆಯೆಂಬುದಷ್ಟೇ ಅವರ ಜ್ಞಾನ. ಶ್ರಾವಣದ ಒಂದು ಬೆಳಗ್ಗೆ, ಎಪ್ಪತ್ತೆಂಟು ವರ್ಷದ ಅಕ್ಕನನ್ನು ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದರು. ಆಕೆಯ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೆ ವೈದ್ಯರು ಹತ್ತು ಗಂಟೆಯ ಹೊತ್ತನ್ನು ಗೊತ್ತುಮಾಡಿದ್ದರು. ಆಗುಂಬೆ ಇನ್ನು ನಾಲ್ಕು ಮೈಲಿಯಿದೆಯೆನ್ನುವಾಗ ಮುಂದಿನ ಎಡಚಕ್ರ ಚೂಪುಗಲ್ಲಿಗೆ ತಾಗಿ ಮಗ್ಗುಲು ಸೀಳಿತು. ಟ್ಯೂಬಿಲ್ಲದ ಟಯರಿಗೆ ಮೊಳೆ ಚುಚ್ಚಿದ್ದರೆ ಚಕ್ರವನ್ನು ಕಳಚದೆಯೇ ಬತ್ತಿ ತುರುಕಿ ಮುಚ್ಚಬಹುದು. ಮಗ್ಗುಲು ಸೀಳಿದ್ದಕ್ಕೆ ಆ ಉಪಾಯವಿಲ್ಲ.

ಉಪಾಧ್ಯಾಯರು ಕೊಡೆಯನ್ನು ಅಕ್ಕನ ಕೈಗೆ ಕೊಟ್ಟು, ಪಂಚೆಯನ್ನೆತ್ತಿ ಕಟ್ಟಿ, ಮೊದಲು ಜಾಕಿನಿಂದ ಕಾರನ್ನು ಎತ್ತಿದರು. ಆಮೇಲೆ ಪಾನಾ ಹಾಕಿ ತಿರುಗಿಸಿದರೆ ನಟ್ಟಿನೊಡನೆ ಚಕ್ರವೂ ತಿರುಗಿತು. ಕೈಬ್ರೇಕು ಹಿಡಿದಿದ್ದುದು ಹಿಂದಿನ ಚಕ್ರಗಳನ್ನು. ಚಕ್ರವನ್ನು ಕಾಲಿನಿಂದ ತಡೆದು ಜಗ್ಗಿದರು. ಕಾರು ಜಾಕಿನ ಮೇಲೆ ಓಲಾಡಿತು. ಪಾನಾವನ್ನು ತುಳಿದರು, ಅದು ಜಾರಿ ಬೆರಳಿನ ಗೆಣ್ಣು ತರೆಯಿತು, ನಟ್ಟಿನ ಎರಡು ಮೂಲೆ ಹೋಯಿತು. ಜನ್ಮದಲ್ಲಿ ಮಕ್ಕಳ ಮೇಲೆ ಕೈಯೆತ್ತದ ಆ ಸಾಧುಪುರುಷರು ಜಡವಾದ ಲೋಹವನ್ನು ಕುರಿತು ಆಡಿದ ಮಾತು ಅಕ್ಕನಿಗೆ ಕೇಳಿಸದೆ ಇದ್ದುದು ಮಳೆಯ ಉಪಕಾರ.

ಕುರುಕ್ಷೇತ್ರದಲ್ಲಿ ಹೂತ ರಥದ ಗಾಲಿಯೊಡನೆ ಹೆಣಗಿದ ಕರ್ಣನ ಸ್ಥಿತಿಯೂ ಇದೇ ಅಲ್ಲವೆ? ಅವನ ತೋಳಿಗೆ ಬಲ ಕಡಮೆಯಾಗಿರಲಿಲ್ಲ. ಕಡಮೆಯಾದದ್ದು, ಗುರುವಿನ ಶಾಪದಿಂದ ಹೊತ್ತಿಗೆ ಒದಗದೆ ಹೋದ ವಿದ್ಯೆ. ವಿದ್ಯೆ ಕೈಬಿಟ್ಟ ಗಳಿಗೆಯಲ್ಲಿ ಮನುಷ್ಯನಿಗೆ ಉಳಿಯುವುದು ಬರಿಯ ತೋಳು. ಗಾಲಿಯ ಮುಂದೆ ಬರಿಯ ತೋಳು ಏನನ್ನೂ ಸಾಧಿಸಲಾರದು.

ಅಷ್ಟರಲ್ಲಿ ಅಡಕೆಯ ಮೂಟೆ ಹೊತ್ತ ಒಂದು ಪಿಕಪ್ ಗಾಡಿ ಬಂದು ನಿಂತಿತು. ಅದನ್ನು ನಡೆಸುತ್ತಿದ್ದವನು ಮೂವತ್ತು ವರ್ಷದ ಯುವಕ.

"ಎಂತ ಆಯ್ತು ಯಜಮಾನ್ರೆ?" ಎಂದ.

"ನಟ್ಟು ಬಿಡ್ತಾ ಇಲ್ಲ ಕಣಪ್ಪ. ಹತ್ತು ಗಂಟೆಗೆ ಮಣಿಪಾಲದಲ್ಲಿರಬೇಕು."

"ಬಿಡೋ ಹಾಗೆ ಬಿಗಿದಿದ್ರೆ ಬಿಡ್ತಿತ್ತು. ನೀವು ಅಮ್ಮನ್ನ ಕರ್ಕೊಂಡು ಆ ಮರದ ಬುಡಕ್ಕೆ ಹೋಗಿ. ರಸ್ತೆ ಕಡೆ ನಿಲ್ಬೇಡಿ ಮಾರಾಯ್ರೆ."

ಅವನು ಮೊದಲು ಮಾಡಿದ ಕೆಲಸ ಉಪಾಧ್ಯಾಯರಿಗೆ ವಿಪರೀತವಾಗಿ ಕಂಡಿತು. ಎತ್ತಿದ ಕಾರನ್ನು ಮತ್ತೆ ಇಳಿಸಿದ. ಚಕ್ರ ನೆಲವನ್ನು ಕಚ್ಚಿ ನಿಂತಿರುವಾಗಲೇ ನಟ್ಟುಗಳನ್ನು ಸಡಿಲಿಸಬೇಕು, ಆಮೇಲೆ ಎತ್ತಬೇಕು. ಈ ಕ್ರಮವನ್ನು ತಪ್ಪಿದವರ ಕೈಗೆ ಕೆಲಸ ಸಿಕ್ಕುವುದಿಲ್ಲ, ಪ್ರಾಣಕ್ಕೂ ಅಪಾಯ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ಗಾಡಿಯಿಂದ ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿ ತಂದು, ನಟ್ಟು ಬೋಲ್ಟಿನ ಸುತ್ತನ್ನು ಸೇರುವ ಸಂದಿಗೆ ಸ್ವಲ್ಪಸ್ವಲ್ಪ ಹಾಯಿಸಿದ. ಆಮೇಲೆ ಸುಮ್ಮನೆ ಕುಳಿತುಬಿಟ್ಟ.

"ಯಾಕಪ್ಪ ಕೂತೆ?" ಎಂದರು ಉಪಾಧ್ಯಾಯರು, ಗಡಿಯಾರವನ್ನು ನೋಡುತ್ತ.

"ಎಣ್ಣೆ ಒಳಗೆ ಇಳೀಬೇಕು. ಹತ್ತು ನಿಮಿಷ. ಈಗ ಕಾಯದಿದ್ರೆ ಮಧ್ಯಾಹ್ನದವರೆಗೂ ಕಾಯೋದಾಗ್ತದೆ."

ಅಕ್ಕ ತನ್ನ ಫ್ಲಾಸ್ಕಿನಿಂದ ಅವನಿಗೆ ಕಾಫಿ ಬಗ್ಗಿಸಿಕೊಟ್ಟರು. ಆ ಹತ್ತು ನಿಮಿಷ ಉಪಾಧ್ಯಾಯರಿಗೆ ಒಂದು ಯುಗವಾಯಿತು. ಯುವಕನು ಲೋಟವನ್ನು ಮಳೆನೀರಿನಲ್ಲಿ ತೊಳೆದು ಕೊಟ್ಟು, ಪ್ರತಿಯೊಂದು ನಟ್ಟಿನ ತಲೆಯ ಮೇಲೂ ಸುತ್ತಿಗೆಯಿಂದ ನಾಲ್ಕಾರು ಸಣ್ಣ ಏಟು ಹಾಕಿದ. ಏಟಿನ ಅದುರಿಗೆ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿಯಾಗುತ್ತದೆ. ಬಳಿಕ ಪಾನಾವನ್ನು ಪೂರ್ತಿ ತೊಡಿಸಿ, ಅದರ ಹಿಡಿಕೆಗೆ ಎರಡಡಿ ಉದ್ದದ ಕಬ್ಬಿಣದ ಕೊಳವೆಯನ್ನು ಏರಿಸಿದ. ಹಿಡಿಕೆ ನೆಲಕ್ಕೆ ಸಮವಾಗಿ ಎಡಕ್ಕೆ ಚಾಚಿರುವಂತೆ ಇಟ್ಟುಕೊಂಡ. ಹಾಗಿದ್ದರೆ ಮೇಲಕ್ಕೆ ಎತ್ತಿ ಸೊಂಟ ಮುರಿದುಕೊಳ್ಳುವ ಬದಲು ಕೆಳಕ್ಕೆ ಒತ್ತಿದರಾಯಿತು. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿದ. ಆಮೇಲೆ ಬಿಚ್ಚುವ ಕಡೆಗೆ ನಿಧಾನವಾಗಿ, ಜಗ್ಗದೆ, ತೂಕವನ್ನು ಏರಿಸುತ್ತ ಹೋದ. ಒಣಕಡ್ಡಿ ಮುರಿದಂತೆ ಸದ್ದಾಗಿ ನಟ್ಟು ಬಿಟ್ಟಿತು. ಎರಡನೆಯದು, ಮೂರನೆಯದು ಹಾಗೆಯೇ ಬಂದುವು.

ನಾಲ್ಕನೆಯದು ಉಪಾಧ್ಯಾಯರು ಮೂಲೆ ಕೆಡಿಸಿದ್ದು. ಯುವಕನು ಅದನ್ನು ನೋಡಿ ಏನೂ ಅನ್ನಲಿಲ್ಲ. ತನ್ನ ಪೆಟ್ಟಿಗೆಯಿಂದ ಅದಕ್ಕಿಂತ ತುಸು ಬಿಗಿಯಾದ, ಆರು ಮೂಲೆಯ ಸಾಕೆಟ್ಟನ್ನು ಹುಡುಕಿ, ಸುತ್ತಿಗೆಯಿಂದ ನಟ್ಟಿನ ಮೇಲೆ ಜಡಿದು ಕೂರಿಸಿದ. ಲೋಹ ಲೋಹವನ್ನು ಕಚ್ಚಿತು, ನಟ್ಟು ಬಿಟ್ಟಿತು.

ಆದರೂ ಕಥೆ ಮುಗಿಯಲಿಲ್ಲ. ಕಾರನ್ನೆತ್ತಿದ ಮೇಲೆ ಚಕ್ರ ಗುಂಬವನ್ನು ಬಿಡಲೊಲ್ಲದು. ಇಂಥ ಸಮಯದಲ್ಲಿ ಕಾರಿನಡಿಗೆ ತೂರಿ ಒಳಗಿನಿಂದ ಬಡಿಯಬೇಕೆನ್ನಿಸುತ್ತದೆ. ಜಾಕಿನ ಮೇಲಿನ ಕಾರಿನಡಿಗೆ ದೇಹದ ಯಾವ ಭಾಗವನ್ನೂ ಒಡ್ಡಬಾರದೆಂಬುದು ಈ ವಿದ್ಯೆಯ ಮೊದಲನೆಯ ಆಣೆ. ಯುವಕನು ನಟ್ಟುಗಳನ್ನು ಕೈಯಿಂದ ಎರಡೆರಡು ಸುತ್ತು ಮತ್ತೆ ಏರಿಸಿ, ಚಕ್ರಕ್ಕೂ ನಟ್ಟಿಗೂ ನಡುವೆ ಸ್ವಲ್ಪ ಎಡೆಯಿರುವಂತೆ ಬಿಟ್ಟು, ಜಾಕನ್ನು ಇಳಿಸಿದ. ಕಾರಿನ ಭಾರವೇ ಚಕ್ರದ ಮೇಲೆ ಕೂತು ತುಕ್ಕಿನ ಬೆಸುಗೆಯನ್ನು ಒಡೆಯಿತು. ಚಕ್ರ ಬಿಟ್ಟರೂ ಉದುರಲಿಲ್ಲ, ನಟ್ಟುಗಳು ಕಾವಲಿದ್ದುವು.

ಸ್ಟೆಪ್ನಿಯನ್ನು ಏರಿಸುವ ಮೊದಲು ಬೋಲ್ಟಿನ ಮೇಲಿನ ಎಣ್ಣೆಯನ್ನು ಬಟ್ಟೆಯಿಂದ ಒರೆಸಿದ. ನಟ್ಟುಗಳನ್ನು ಕೈಯಿಂದ ಕೂರಿಸಿ, ಕಾರನ್ನಿಳಿಸಿ, ಒಂದರ ನಂತರ ಅದರ ಎದುರಿನದನ್ನು ಬಿಗಿಯುತ್ತ ಬಂದ. ಈ ಸಲ ಕೊಳವೆಯನ್ನು ಮುಟ್ಟಲಿಲ್ಲ. ಕೊನೆಯ ನಟ್ಟಿಗೆ ಪಾನಾವನ್ನು ತೊಡಿಸಿ ಉಪಾಧ್ಯಾಯರನ್ನು ಕರೆದ.

"ಇದನ್ನ ನೀವೇ ಬಿಗೀರಿ."

"ನನಗೆಲ್ಲಿ ಶಕ್ತಿ ಅಪ್ಪ, ನೀನೇ ಗಟ್ಟಿಯಾಗಿ ಬಿಗಿ."

"ನಾನು ಬಿಗಿದ್ರೆ ನಾನೇ ಬಂದು ಬಿಚ್ಚಬೇಕಾಗ್ತದೆ. ಮುಂದಿನ ಸಲ ಬಿಚ್ಚೋರು ನೀವಲ್ವ? ನಿಮ್ಮ ಕೈಗೆ ಎಷ್ಟು ಬರ್ತದೋ ಅಷ್ಟು ಒತ್ತಿ, ಸಾಕು. ಮಣಿಪಾಲ ಮುಟ್ಟಿದ ಮೇಲೆ ಇನ್ನೊಂದು ಸಲ ನೋಡ್ಕಳಿ."

ಹಣವನ್ನು ಅವನು ಮುಟ್ಟಲಿಲ್ಲ. ಅಕ್ಕ ಕೊಟ್ಟ ಕೋಡುಬಳೆಯ ಪೊಟ್ಟಣವನ್ನು ಮಾತ್ರ ತೆಗೆದುಕೊಂಡ. ಅವರು ಆಸ್ಪತ್ರೆಯನ್ನು ಮುಟ್ಟಿದಾಗ ಹತ್ತೂ ಮುಕ್ಕಾಲು. ವೈದ್ಯರು ಗದರಿಸಿದರು, ಆದರೆ ಹಿಂದಕ್ಕೆ ಕಳುಹಿಸಲಿಲ್ಲ. ಮೂರು ತಿಂಗಳ ಹಿಂದೆ ಆ ನಟ್ಟನ್ನು ಬಿಗಿದ ಟಯರಿನ ಅಂಗಡಿಯ ಹುಡುಗನಿಗೆ ಇದೊಂದೂ ತಿಳಿಯದು. ಒಬ್ಬ ವೃದ್ಧೆಯ ಉಳಿದ ಕಣ್ಣು ತನ್ನ ಬೆರಳಿನ ಒಂದು ಕ್ಷಣದ ಒತ್ತಿನ ಮೇಲೆ ನಿಂತಿತ್ತೆಂದು ಹೇಳಿದರೆ ಅವನು ನಂಬಿಯಾನೆ?

ಆ ಹುಡುಗನನ್ನು ದೂಷಿಸುವುದು ಸುಲಭ. ಅವನ ಕಡೆಯ ನ್ಯಾಯವನ್ನೂ ಕೇಳಬೇಕು. ದಿನಕ್ಕೆ ಹತ್ತಾರು ಚಕ್ರ. ಹಿಂದೆ ನಿಂತವರ ಅವಸರ. ನಟ್ಟು ಬಿಡಲಿಲ್ಲವೆಂದು ಅಂಗಡಿಗೆ ಮರಳಿ ಬಂದು ಜಗಳವಾಡುವವರು ವಿರಳ. ಸಡಿಲವಾಗಿ ಚಕ್ರ ಕಳಚಿತೆಂದರೆ ಊರೆಲ್ಲ ಬರುತ್ತದೆ. ಹೀಗಿರಲು ಅವನು ತನಗೆ ಕ್ಷೇಮವಾದ ಕಡೆಗೆ ವಾಲುವುದು ಸಹಜವೇ. ಗಿರಾಕಿಯೂ "ಗಟ್ಟಿಯಾಗಿ ಬಿಗಿಯಪ್ಪ" ಎಂದೇ ಹೇಳುತ್ತಾನೆ. "ಹದವಾಗಿ ಬಿಗಿ" ಎಂದು ಹೇಳಿದ ಗಿರಾಕಿಯನ್ನು ಅವನು ಕಂಡಿದ್ದಾನೆಯೋ ಇಲ್ಲವೋ.

ಆದರೆ ಹೆಚ್ಚು ಬಿಗಿದಷ್ಟೂ ಹೆಚ್ಚು ಭದ್ರವೆಂಬ ಲೆಕ್ಕವೇ ಸರಿಯಲ್ಲ. ಪಾನಾದ ಮೇಲೆ ಹಾಕಿದ ಶ್ರಮದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಚಕ್ರವನ್ನು ಹಿಡಿದಿಡುವ ಸೆಳೆತವಾಗುತ್ತದೆ. ಉಳಿದ ಒಂಬತ್ತು ಪಾಲು ನಟ್ಟಿನ ಮುಖದಲ್ಲಿಯೂ ಸುತ್ತುಗಳಲ್ಲಿಯೂ ಘರ್ಷಣೆಗೆ ಸಂದುಹೋಗುತ್ತದೆ. ಸುತ್ತಿಗೆ ಎಣ್ಣೆ ಬಳಿದು ಬಿಗಿಯಬಾರದೆನ್ನುವುದು ಇದಕ್ಕಾಗಿಯೇ. ಘರ್ಷಣೆ ತಗ್ಗಿದಾಗ ಅದೇ ಶ್ರಮದಿಂದ ಬೋಲ್ಟಿನ ಮೇಲೆ ಬೀಳುವ ಸೆಳೆತ ಬಹಳ ಹೆಚ್ಚುತ್ತದೆ. ಬೋಲ್ಟು ಚಕ್ರವನ್ನು ಹಿಡಿಯುವುದು ಸ್ಪ್ರಿಂಗಿನಂತೆ. ಬಿಗಿದಾಗ ಅದು ಕಣ್ಣಿಗೆ ಕಾಣದಷ್ಟು ಉದ್ದವಾಗಿ, ಮರಳಿ ಕುಗ್ಗಲು ಹವಣಿಸುತ್ತ ಚಕ್ರವನ್ನು ಅವುಚಿಕೊಳ್ಳುತ್ತದೆ. ಮಿತಿ ಮೀರಿ ಎಳೆದರೆ ಆ ಹವಣಿಕೆಯೇ ಸತ್ತುಹೋಗಿ, ಮುಂದೆ ಯಾವಾಗಲೋ ಒಂದು ದಿನ ಮುರಿಯುತ್ತದೆ. ಬಿಗಿ ಕಡಮೆಯಾದರೆ ಚಕ್ರ ಅಲುಗಿ ಅಲುಗಿ ಕಳಚುತ್ತದೆ. ಎರಡು ಅಪಾಯಗಳ ನಡುವೆ ಇರುವುದೇ ಹದ. ಪಾಕಕ್ಕೆ ಹದವುಂಟು, ಉಳುವ ಮಣ್ಣಿಗೆ ಹದವುಂಟು, ವೀಣೆಯ ತಂತಿಗೆ ಹದವುಂಟು. ಕಬ್ಬಿಣಕ್ಕೆ ಮಾತ್ರ ಇಲ್ಲವೆಂದು ಹೇಗೆ ತಿಳಿಯುವುದು? ಹದವನ್ನು ತೋರಿಸುವ ಟಾರ್ಕ್ ಪಾನಾವೆಂಬ ಉಪಕರಣವೇ ಇದೆ. ಗೊತ್ತುಮಾಡಿದ ಅಂಕಿಗೆ ಬಂದೊಡನೆ ಅದು ಟಕ್ಕೆಂದು ಹೇಳುತ್ತದೆ. ಏರ್ ಗನ್ನಿನ ಕೆಲಸ ಮುಗಿದ ಮೇಲೆ ಕೊನೆಯ ಬಿಗಿಯನ್ನು ಅದರಿಂದ, ಅದಿಲ್ಲದಿದ್ದರೆ ಬರಿಯ ಕೈಪಾನಾದಿಂದ ಮಾಡಿಸಬೇಕೆಂದು ಅಂಗಡಿಯಲ್ಲಿ ನಿಂತು ಕೇಳುವುದು ಗಿರಾಕಿಗೆ ಯಾವ ವಿಧದಲ್ಲಿಯೂ ಅಗೌರವವಲ್ಲ.

ಮನೆಯಲ್ಲಿ ಕಾರ್ಯವಿಲ್ಲದ ಒಂದು ಭಾನುವಾರ, ಆರು ತಿಂಗಳಿಗೊಮ್ಮೆ, ಅಂಗಳದ ಸಮನೆಲದಲ್ಲಿ ಪ್ರತಿಯೊಂದು ನಟ್ಟನ್ನೂ ಬಿಚ್ಚಿ ಬಿಗಿಯುವ ವ್ರತವನ್ನು ಗೃಹಸ್ಥರು ಕೈಕೊಂಡರೆ ಒಳ್ಳೆಯದು. ಆಗ ಕೆಟ್ಟ ನಟ್ಟು ಕಣ್ಣಿಗೆ ಬೀಳುತ್ತದೆ. ಬೀಗದ ಕೀಲಿ ಎಲ್ಲಿದೆಯೆಂದು ನೆನಪಾಗುತ್ತದೆ. ಸ್ಟೆಪ್ನಿಯಲ್ಲಿ ಗಾಳಿಯೇ ಇಲ್ಲವೆಂಬ ದುಃಖದ ಸಂಗತಿಯೂ ಬಯಲಿಗೆ ಬರುತ್ತದೆ. ಉದ್ದ ಹಿಡಿಕೆಯ ಪಾನಾ, ಜಾಕಿನಡಿಗೆ ಇಡಲು ಒಂದು ಹಲಗೆ, ಹಳೆಯ ಬಟ್ಟೆ, ಚಾಕು, ಟಾರ್ಚು, ಎಚ್ಚರಿಕೆಯ ತ್ರಿಕೋಣ ಇವಿಷ್ಟು ಹಿಂಗಡೆಯಲ್ಲಿದ್ದರೆ ಸಾಕು.

ಈ ವ್ರತಕ್ಕೆ ಮನೆಯ ಹೆಂಗಸರೂ ಮಕ್ಕಳೂ ಹೊರಗಲ್ಲ. ಕಾರನ್ನು ಒಬ್ಬಳೇ ನಡೆಸಿಕೊಂಡು ಕಾಲೇಜಿಗೂ ಕೆಲಸಕ್ಕೂ ಹೋಗುವ ಹೆಣ್ಣುಮಕ್ಕಳು ಇಂದು ಊರೂರಿನಲ್ಲಿದ್ದಾರೆ. ಅವರಿಗೆ ಶಕ್ತಿ ಸಾಲದೆಂಬ ಮಾತು ಲೆಕ್ಕವನ್ನು ತಿಳಿಯದವರ ಮಾತು. ಅರ್ಧ ಮೀಟರಿನ ಹಿಡಿಕೆಯ ತುದಿಯಲ್ಲಿ 25 ಕಿಲೋ ಭಾರ ಒತ್ತಿದರೆ 120 ನ್ಯೂಟನ್-ಮೀಟರಿಗೂ ಮಿಗಿಲಾಗುತ್ತದೆ. ಹದವಾಗಿ ಬಿಗಿದ ನಟ್ಟಿಗೆ ಅಷ್ಟು ಸಾಮಾನ್ಯವಾಗಿ ಸಾಕು. ಸಾಲದೆ ಹೋಗುವುದು, ಬಿಗಿದವನು ತನ್ನ ಬಲವನ್ನೇ ಲೋಕದ ಬಲವೆಂದು ಭಾವಿಸಿದಾಗ ಮಾತ್ರ.

ಹೀಗೆಂದಮಾತ್ರಕ್ಕೆ ಎಲ್ಲ ಕಡೆಯಲ್ಲಿಯೂ ತಾವೇ ಬಿಚ್ಚಬೇಕೆಂಬ ಛಲ ಬೇಡ. ಕತ್ತಲೆಯ ತಿರುವಿನಲ್ಲಿ, ಇಳಿಜಾರಿನಲ್ಲಿ, ಲಾರಿಗಳು ಹಾಯುವ ಹೆದ್ದಾರಿಯ ಅಂಚಿನಲ್ಲಿ ನಟ್ಟಿನೊಡನೆ ಹೆಣಗುವುದಕ್ಕಿಂತ, ಗಾಳಿಯಿಲ್ಲದ ಚಕ್ರದಲ್ಲಿಯೇ ನಿಧಾನವಾಗಿ ಹತ್ತಿರದ ಸಮತಟ್ಟಿಗೆ ಸಾಗುವುದು ಮೇಲು. ಟಯರು ಹೋದರೆ ಮತ್ತೊಂದು ಬರುತ್ತದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗಾಗಿ 1033 ಎಂಬ ದೂರವಾಣಿ ಸಂಖ್ಯೆಯಿದೆ. ಕರೆಯುವುದರಲ್ಲಿ ಅವಮಾನವೇನೂ ಇಲ್ಲ.

ಮಲೆನಾಡಿನ ಕೊಟ್ಟಿಗೆಯಲ್ಲಿ ಹಸುವಿನ ಹಗ್ಗವನ್ನು ಗೂಟಕ್ಕೆ ಜೀರುಗುಣಿಕೆ ಹಾಕಿ ಕಟ್ಟುವುದುಂಟು. ಹಸು ತನ್ನ ಕಡೆಯಿಂದ ಎಳೆದಷ್ಟೂ ಗಂಟು ಬಿಗಿಯಾಗುತ್ತದೆ. ಆದರೆ ಅದರ ಬಾಲದ ತುದಿಯನ್ನು ಮನೆಯ ಹುಡುಗಿ ಒಮ್ಮೆ ಸೆಳೆದರೂ ಹಗ್ಗ ಬಿಡುತ್ತದೆ. ಕೊಟ್ಟಿಗೆಗೆ ಬೆಂಕಿ ಬಿದ್ದ ರಾತ್ರಿ, ಕಟ್ಟಿದವನು ಊರಲ್ಲಿಲ್ಲದಿದ್ದರೂ, ಬಿಚ್ಚಲು ಕೈಗೆ ಸಿಕ್ಕಿದ ಮಗುವೊಂದು ಸಾಕು. ಆ ಗಂಟನ್ನು ಮೊದಲು ಹಾಕಿದಾತನು ಹಸುವಿನ ಬಲವನ್ನು ಲೆಕ್ಕ ಮಾಡಿದಂತೆಯೇ ಆ ಮಗುವಿನ ಕೈಯನ್ನೂ ಲೆಕ್ಕ ಮಾಡಿದ್ದನು. ಚಕ್ರಕ್ಕೆ ನಟ್ಟು ಬಿಗಿಯುವವರು, ಅಂಗಡಿಯವರಾಗಲಿ ಮನೆಯವರಾಗಲಿ, ಅಷ್ಟು ಲೆಕ್ಕವನ್ನು ಮಾಡಿದರೆ, ಮಳೆಯ ದಾರಿಯಲ್ಲಿ ನಿಂತ ಅಪರಿಚಿತರೊಬ್ಬರು ಹೊತ್ತಿಗೆ ಸರಿಯಾಗಿ ಊರು ಸೇರುವರು.